ಪಕ್ಕದವರು ಬಂದರಾ?

ಕೃಷ್ಣಗಿರಿ ಡ್ಯಾಮಿನ ಮೆಟ್ಟಿಲು ಹತ್ತಿ ಮುನಿಶಾಮಪ್ಪ ಮೇಲೆ ಬರುವಷ್ಟರಲ್ಲಿ ಟೂರ್ ಬಸ್ಸು ಹೊರಟುಹೋಗಿತ್ತು. ಅದು ನಿಂತಿದ್ದ ಜಾಗದಲ್ಲಿ ಒಂದಿಷ್ಟು ಆಯಿಲ್ ಕಲೆ, ಕಡಲೆಕಾಯಿ ಸಿಪ್ಪೆ. ಕೈಲಿದ್ದ ಕೆಂಪು ಫ್ಲಾಸ್ಕನ್ನೇ ಎತ್ತಿ ರಸ್ತೆಯ ಕಡೆಗೆ ಬೀಸಿದ. ನೋಡಲು ಮೀನು ಹುರಿಯುವ ಹೆಂಗಸನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ಬಿಟ್ಟುಹೋದರಾ ಎಂದು ಅವಳು ತಮಿಳಿನಲ್ಲಿ ಕೇಳಿದಳು. ಬರುತ್ತಾರೆ ಎಂದು ಅವನೂ ತಮಿಳಿನಲ್ಲೇ ಹೇಳಿದ. ಹೇಳಿದ ಮೇಲೆ ತನಗೇ ಅನುಮಾನವಾಯಿತು.

ತಪ್ಪು ಯಾರದೆಂದು ಹೇಳುವುದು? ಎಂಬತ್ತಮೂರರ ಡಿಸೆಂಬರಿನಲ್ಲಿ ಮತ್ತಿಗಿರಿ ಕಡೆಯ ಫ್ಯಾಕ್ಟರಿಯವರು ಹೆಂಡತಿಯರನ್ನು ಕಟ್ಟಿಕೊಂಡು ಆರು ದಿನದ ಟೂರು ಹೊರಟಿದ್ದರು. ಹದಿನೇಳು ಜೋಡಿ, ಮತ್ತೆ ಮುನಿಶಾಮಪ್ಪ. ಮಹಾಬಲಿಪುರದ ಅಲೆ, ಪಿಚ್ಚಾವರದ ನೀರುಕಾಡು, ಕೋಡಿಯಕ್ಕರೆಯ ಹಕ್ಕಿ ಎಲ್ಲ ಮುಗಿದು ಇವತ್ತು ಕೊನೆಯ ದಿನ. ಇಳಿದ ಕಡೆಯಲ್ಲೆಲ್ಲ ತಲೆ ಎಣಿಸಿ ಸುಸ್ತಾದ ಸೂಪರ್ವೈಸರ್ ಶ್ಯಾಮಣ್ಣ ಎರಡನೇ ದಿನಕ್ಕೇ ಸುಲಭದ ದಾರಿ ಹುಡುಕಿದ್ದ. ಬಾಗಿಲಲ್ಲಿ ನಿಂತು "ನಿಮ್ ಪಕ್ಕದೋರು ಬಂದವ್ರಾ ನೋಡ್ಕಳಿ" ಎಂದು ಕೂಗುವುದು, ಬಸ್ಸೆಲ್ಲ "ಬಂದವ್ರೆ" ಎಂದರೆ ರೈಟ್. ಗಂಡನನ್ನು ಬಿಟ್ಟು ಬಸ್ಸು ಹೊರಡಲು ಯಾವ ಹೆಂಡತಿ ಬಿಟ್ಟಾಳು?

ಹೆಸರು ಕೊಟ್ಟಾಗ ಮುನಿಶಾಮಪ್ಪನೂ ಜೋಡಿಯೇ. ಸಮುದ್ರ ನೋಡಬೇಕೆಂದು ಹಟ ಹಿಡಿದವಳೇ ಅವನ ಹೆಂಡತಿ ಹನುಮಕ್ಕ. ಹೊರಡಲು ಎರಡು ತಿಂಗಳಿದೆ ಎನ್ನುವಾಗ ಜ್ವರ ಬಂದು ನಾಲ್ಕೇ ದಿನದಲ್ಲಿ ಹೋಗಿಬಿಟ್ಟಳು. "ಮನೇಲ್ ಒಬ್ನೇ ಕುಂತ್ಕಂಡು ಏನ್ ಮಾಡ್ತೀಯಣ್ಣ, ಬಾ" ಎಂದು ಶ್ಯಾಮಣ್ಣನೇ ಇವನನ್ನು ಎಳೆದುಕೊಂಡು ಬಂದಿದ್ದ. ಕಿಟಕಿಯ ಸೀಟನ್ನು ಅವಳಿಗೆ ಬಿಟ್ಟು ಮುನಿಶಾಮಪ್ಪ ಆರು ದಿನವೂ ಈಚೆಗೇ ಕೂತ. ಶ್ಯಾಮಣ್ಣ ಕೂಗಿದಾಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದ. ಮೂವತ್ತನಾಲ್ಕು ಜನರ ಕೂಗಿನಲ್ಲಿ ಒಬ್ಬನ ಮೌನ ಯಾರ ಕಿವಿಗೆ ಬೀಳುತ್ತದೆ?

ಇವತ್ತು ಚಪ್ಪಲಿಯಲ್ಲಿ ಉಳಿದಿದ್ದ ಸಮುದ್ರದ ಮರಳು ತೊಳೆಯಲು ನೀರಿಗೆ ಇಳಿದಿದ್ದ. ಕೊನೆಯ ಮೆಟ್ಟಿಲಲ್ಲಿ, ಟೂರಿಗೆ ಬಂದಿದ್ದ ಇಂದ್ರಮ್ಮ ಮರೆತುಹೋದ ಈ ಫ್ಲಾಸ್ಕ್ ಸಿಕ್ಕಿತು. ಮರಳು ನೀರಲ್ಲಿ ಚದುರಿ ಹೋಗುವುದನ್ನು ನೋಡುತ್ತ ನಿಂತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಒಂದು ಗಂಟೆ ಕಳೆಯಿತು. ಮೀನಿನವಳು ಒಲೆ ಆರಿಸಿದಳು. ಆಗ ತಿರುವಿನಲ್ಲಿ ಹಾರನ್ ಕೇಳಿಸಿತು, ಅದೇ ನೀಲಿ ಬಸ್ಸು. ಮುನಿಶಾಮಪ್ಪ ರಸ್ತೆಯ ಅಂಚಿಗೆ ಬಂದ. ಪಾಪ, ತನಗಾಗಿ ಅಷ್ಟು ದೂರ ವಾಪಸ್ಸು ಬಂದರಲ್ಲ.

ಶ್ಯಾಮಣ್ಣ ಬಾಗಿಲಿಂದ ಜಿಗಿದು ಕಣ್ಣರಳಿಸಿದ. "ಏನಣ್ಣ, ನೀನ್ಯಾವಾಗ್ ಇಳ್ದೆ?"

ಕಿಟಕಿಯಲ್ಲಿ ಇಂದ್ರಮ್ಮನ ತಲೆ ಕಾಣಿಸಿತು. "ಸಿಕ್ತಲ್ಲ ನನ್ ಫ್ಲಾಸ್ಕು. ಶೂಳಗಿರಿ ತಾವ ಕಾಪಿ ಕುಡಿಯಾನ ಅಂತ ನೋಡ್ತೀನಿ, ಇಲ್ಲ. ಅದ್ಕೇ ಬಸ್ ತಿರುಗ್ಸಿದ್ದು. ಅಣ್ಣನ್ ಕೈಗ್ ಸಿಕ್ಕಿದ್ದು ಒಳ್ಳೇದಾಯ್ತು ಬುಡು."

ಮುನಿಶಾಮಪ್ಪ ಫ್ಲಾಸ್ಕನ್ನು ಅವಳ ಕೈಗೆ ಕೊಟ್ಟ. ಹತ್ತಿ ತನ್ನ ಜಾಗದಲ್ಲಿ ಕೂತ. ಯಾರೋ ಚಕ್ಕುಲಿ ಚಾಚಿದರು, ಬೇಡವೆಂದ.

ಶ್ಯಾಮಣ್ಣ ಅಭ್ಯಾಸಬಲದಿಂದ ಕೂಗಿದ. "ಪಕ್ಕದೋರು ಬಂದವ್ರಾ ನೋಡ್ಕಳಿ."

"ಬಂದವ್ರೆ" ಎಂದಿತು ಬಸ್ಸು. ಡ್ರೈವರು ಗೇರು ಹಾಕಿದ.

"ನನ್ ಪಕ್ಕದೋಳು ಬಂದಿಲ್ಲ ಕಣಪ್ಪ" ಎಂದ ಮುನಿಶಾಮಪ್ಪ.

ಮೆಲ್ಲಗೇ ಹೇಳಿದ್ದು. ರೈಟ್ ಅನ್ನಲು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಶ್ಯಾಮಣ್ಣ ನಿಂತ. ಡ್ರೈವರು ಇಂಜಿನ್ ಆರಿಸಿದ.