ಬಿದ್ದ ಜಾಗದಲ್ಲೇ

ಊರುಗೋಲು ಜಾರಿತು. ಟೈಲ್ಸ್ ಮೇಸ್ತ್ರಿ ಅಡುಗೆಮನೆಯ ನೆಲಕ್ಕೆ ಎರಡೂ ಮೊಣಕಾಲೂರಿ ದೊಪ್ಪೆಂದು ಬಿದ್ದ. ಅವನೇ ಹಾಸಿದ ನೆಲ. ನಲವತ್ತು ವರ್ಷ ಕಂಡಕಂಡವರ ಮನೆಗಳಲ್ಲಿ ಮೊಣಕಾಲ ಮೇಲೆ ತೆವಳಿ ಟೈಲ್ಸ್ ಕೂರಿಸಿ, ಚಿಪ್ಪುಗಳೆರಡೂ ಸವೆದು ಹೋಗಿದ್ದವು.

ಕೆಲಸಕ್ಕೆ ಹೊರಟಿದ್ದ ಮಗಳು ಬ್ಯಾಗ್ ಬಿಸಾಕಿ ಬಂದು ಅವನ ಕಂಕುಳಿಗೆ ಕೈ ಹಾಕಿದಳು. “ಬಿಡು, ನಾನೇ ಏಳ್ತೀನಿ,” ಎಂದು ಗದರಿದ. ಸಿಂಕಿನ ಅಂಚು ಹಿಡಿದ, ಕೈ ಸೋತಿತು. ಕುರ್ಚಿ ಹಿಡಿದ, ಅದೂ ಜರುಗಿತು. ನಾಲ್ಕು ತಿಂಗಳಿಂದ ಅವನು ಪ್ರಾರ್ಥನೆಗೆ ಮೊಣಕಾಲೂರದೆ ಇದ್ದದ್ದೂ ಇದೇ ಭಯಕ್ಕೆ. ಒಮ್ಮೆ ಮೊಣಕಾಲೂರಿದರೆ ಏಳಲು ಇನ್ನೊಬ್ಬರ ಕೈ ಬೇಕು. ಕುರ್ಚಿಯಲ್ಲಿ ಕೂತು ಪ್ರಾರ್ಥಿಸಿದರೆ ಯೇಸು ಬೇಡ ಅಂತಾನಾ ಎಂದು ಮಗಳು ಕೇಳಿದಾಗಲೆಲ್ಲ ಸಿಡುಕುತ್ತಿದ್ದ. ಅರೆಬರೆ ಕೆಲಸ ಅವನ ಜಾಯಮಾನದಲ್ಲೇ ಇರಲಿಲ್ಲ. ಪ್ರಾರ್ಥನೆಯನ್ನೇ ಬಿಟ್ಟ. ಅಂದಿನಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

“ಅಪ್ಪಾ, ನಿನ್ನ ಹಟ ಸಾಕು. ನನಗೆ ಬಸ್ಸು ತಪ್ಪುತ್ತೆ.”

ಅವನು ನೆಲ ನೋಡಿದ. ಅಂಗೈ ಊರಿದಲ್ಲಿ ಟೈಲ್ಸ್ ಸಂದು ದಾರ ಹಿಡಿದಂತೆ ನೆಟ್ಟಗಿತ್ತು. ಎಷ್ಟು ದಿನ ಇದೇ ಭಂಗಿಯಲ್ಲಿ ದುಡಿದಿದ್ದ, ಇದೇ ಭಂಗಿಯಲ್ಲಿ ಬೇಡಿದ್ದ.

“ತಡಿ, ಈಗಲೇ ಎತ್ತಬೇಡ. ಹೇಗೂ ಬಿದ್ದಾಯ್ತು,” ಎಂದು ಕೈ ಜೋಡಿಸಿದ. “ಕರ್ತನೇ, ನನ್ನ ಕೈಲಿ ಆಗ್ತಿಲ್ಲ.” ಹೊರಗೆ ಬಸ್ಸು ಬಂತು, ನಿಂತಿತು, ಹೊರಟುಹೋಯಿತು. ಮಗಳು ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ “ಆಮೆನ್” ಎಂದವನು ಅವಳತ್ತ ಕೈ ಚಾಚಿದ.

“ಈಗ ಎತ್ತು.”