ಬಿದ್ದ ಹಾವೂ ಹಾವೇ

ಮೊದಲ ಏಟಿಗೆ ಈರಣ್ಣನ ಕನ್ನಡಕ ಹಾರಿತು. ಎರಡನೆಯದಕ್ಕೆ ಈರಣ್ಣನೇ ಹಾರಿ, ಬರೆಯುವ ಮೇಜಿಗೆ ಬಡಿದು ನೆಲಕ್ಕೆ ಬಿದ್ದ. ಹಲ್ಲೊಂದು ಸಡಿಲಗೊಂಡು ಬಾಯಿ ತುಂಬ ಉಪ್ಪುಪ್ಪು ನೆತ್ತರು. ಖರಾಡಿ ಬಡಾವಣೆಯಲ್ಲಿ ಒಂಬತ್ತನೆಯ ಮಹಡಿಯ ಮನೆ. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ಡ್ರಿಲ್ ಸದ್ದಿನಲ್ಲಿ ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ.

ಎದುರಿಗೆ ನಿಂತವನಿಗೆ ಐವತ್ತರ ಆಸುಪಾಸು. ಕಬ್ಬು ಕಡಿದು ಒರಟಾದ ಕೈಗಳು. ಬಾಗಿಲು ತೆರೆದಾಗ, "ಬಾಳು ಅಂತ್ರಿ, ಇಂದಾಪುರದಾಂವ," ಎಂದು ಕೈ ಮುಗಿದಿದ್ದ. ಚೀಲದಿಂದ ಎರಡು ವಸ್ತು ತೆಗೆದಿದ್ದ. ಒಂದು, 'ಸರ್ದಾರ ರುದ್ರ' ಮಾಲಿಕೆಯ ನಲವತ್ತೆರಡನೆಯ ಪುಸ್ತಕ. ಇನ್ನೊಂದು, ಕಬ್ಬು ಕಡಿಯುವ ಕೊಯ್ತಾ. "ಇದನ್ನ ಬರದಾವ್ರು ನೀವೇ ಏನ್ರಿ?" ಎಂದವನು ಉತ್ತರಕ್ಕೂ ಕಾಯದೆ ಕೊಯ್ತಾದ ಹಿಡಿ ಬೀಸಿದ್ದ.

"ನನ್ನ ಮನಿ ಯಾರು ತೋರಿಸಿದ್ರು?" ಈರಣ್ಣ ಬಿದ್ದಲ್ಲಿಂದಲೇ ಕೇಳಿದ.

"ಪುಸ್ತಕ ಅಚ್ಚು ಹಾಕ್ತಾರಲ್ಲ, ನೀರಜಾಬಾಯಿ. ಅಭಿಮಾನಿ ಅಂದೆ. ವಿಳಾಸ ಕೊಟ್ರು."

ಅಭಿಮಾನಿ! ಈರಣ್ಣನಿಗೆ ಅರ್ಧ ಜೀವ ಮರಳಿತು. ಮುಖಪುಟದ 'ವಿಜಯಕೇಸರಿ' ಎಂಬ ಲೇಖಕನಿಗೆ ಕೈಗಳು ಬಹಳ, ತಲೆ ಇರಲಿಲ್ಲ. ಮೂರು ವರ್ಷಗಳಿಂದ ಆ ಹೆಸರಿನಲ್ಲಿ ಬರೆಯುವ ಕೈ ಈರಣ್ಣನದು. ಯಾರೇ ಬರೆದರೂ ರುದ್ರ ಬದಲಾಗದಂತೆ ನೀರಜಾ ಒಂದು ನೋಟ್‌ಬುಕ್ ಇಟ್ಟಿದ್ದಳು. ಕಚೇರಿಯಲ್ಲಿ ಅದರ ಹೆಸರು ರುದ್ರನ ಜಾತಕ. ರುದ್ರ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲ. ರುದ್ರ ಬಿದ್ದವನನ್ನು ಹೊಡೆಯುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಸಾಲು ನೀತಿ ಕಡ್ಡಾಯ. "ಎಷ್ಟು ಮಂದೀನ್ನರ ಕೊಲ್ಲಲಿ ಈರಣ್ಣಾರ, ಹುಡುಗ ಮಾತ್ರ ಕೆಡಬಾರದು ನೋಡ್ರಿ," ಎನ್ನುತ್ತಿದ್ದಳು.

ನಲವತ್ತೆರಡನೆಯ ಪುಸ್ತಕದಲ್ಲಿ ಹುಡುಗ ಕೆಟ್ಟಿದ್ದ, ಬಿದ್ದವನನ್ನೇ ಜಜ್ಜಿದ್ದ. ಅದೇ ಕರುಣೆ ಬರೆದು ಬರೆದು ಕೈ ಜಡ್ಡುಗಟ್ಟಿದ ಈರಣ್ಣ, ನೀರಜಾ ಧಾರವಾಡಕ್ಕೆ ಹೋಗಿದ್ದಾಗ ಹಾಗೇ ಅಚ್ಚಿಗೆ ಕಳಿಸಿದ್ದ. ಅಂದಿನಿಂದ ಕಚೇರಿಯ ಫೋನಿಗೆ ಬೈಗುಳದ ಸುರಿಮಳೆ. ಉಳಿದವರು ನಾಲಿಗೆ ಹರಿತ ಮಾಡಿದ್ದರು. ಇವನು ಕೊಯ್ತಾ ಮಾಡಿಕೊಂಡು ಬಂದಿದ್ದ, ಅಷ್ಟೇ ವ್ಯತ್ಯಾಸ.

ಅಭಿಮಾನಿಯನ್ನು ಅಭಿಮಾನದಿಂದಲೇ ಕಟ್ಟಿಹಾಕಬೇಕು. ಈರಣ್ಣ ಎರಡೂ ಕೈ ಎತ್ತಿದ. "ಹೊಡೀಬ್ಯಾಡ್ರಿ! ಬಿದ್ದಾವ್ರನ್ನ ರುದ್ರ ಮುಟ್ಟಂಗಿಲ್ಲ!"

ಕೊಯ್ತಾ ಗಾಳಿಯಲ್ಲೇ ನಿಂತಿತು.

"ಹೌದೇನ್ರಿ?"

"ಮೊದಲನೇ ಪುಸ್ತಕದಿಂದ ಅದೇ ನೇಮ."

"ಮತ್ತ ಇದರಾಗ?" ಬಾಳು ಪುಸ್ತಕವನ್ನು ಅವನ ಎದೆಯ ಮೇಲೆ ಎಸೆದ. "ಮಡಚಿದ ಪುಟ. ನಿಮ್ಮ ಬಾಯಿಲೇ ಕೇಳಬೇಕು. ಓದ್ರಿ."

ಪುಟವನ್ನು ಮೂಗಿಗೆ ಹಿಡಿದು, ನೆತ್ತರು ನುಂಗುತ್ತ ಈರಣ್ಣ ಓದಿದ. ಕಾಲೇಜಿನಲ್ಲಿ ಪ್ರಾಧ್ಯಾಪಕರನ್ನೆಲ್ಲ ಅಣಕಿಸಿ ಹೆಸರು ಮಾಡಿದವನು, ಚಟ ಬಿಡಲಿಲ್ಲ. ರುದ್ರನಿಗೆ ಎದೆಯ ಗುಡುಗು ಕೊಟ್ಟ. ಬಿದ್ದ ಖಳನಿಗೆ ಮೂಗಿನ ಅಳು ಕೊಟ್ಟ: "ಯಪ್ಪಾ, ಬಿಡೋ, ಮನ್ಯಾಗ ಅವ್ವ ಕಾಯಾಕತ್ತಾಳ..." ಕಲ್ಲು ಏಳುತ್ತದೆ. ಇಳಿಯುತ್ತದೆ. ಮತ್ತೆ ಏಳುತ್ತದೆ.

ಬಾಳುವಿನ ಕಣ್ಣಲ್ಲಿ ನೀರು. ಎಂಥ ಓದುಗ, ಅಂದುಕೊಂಡ ಈರಣ್ಣ. ಹಲ್ಲು ಅಲ್ಲಾಡುತ್ತಿದ್ದರೂ ಒಳಗೊಳಗೇ ಹಿಗ್ಗಿದ.

"ಕಡೀಕ ಏನೋ ನೀತಿ ಇರತೈತಂತಲ್ಲ?"

"ಬಿದ್ದ ಹಾವೂ ಹಾವೇ. ತಲೆ ಜಜ್ಜದೆ ಬಿಡಬೇಡ."

ಬಾಳು ಕುಕ್ಕರಗಾಲಲ್ಲಿ ಕೂತ. "ನಮ್ಮೂರಾಗ ಮಾಂತು ಅಂತ ಒಬ್ಬಾಂವ ಇದ್ದ. ಕಾಲುವಿ ನೀರಿನ ಜಗಳ. ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದ ನೆಲಕ್ಕ ಬಿದ್ದು ಕೈ ಮುಗದಿದ್ದ. ಜಜ್ಜಿದ ಮ್ಯಾಲೆ ಮಾರಿ ಗುರ್ತೇ ಸಿಗಲಿಲ್ಲ. ಜಜ್ಜಿದ ಕೈಯಾಗ ಕಲ್ಲು, ಕಿಸೇದಾಗ ಈ ಪುಸ್ತಕ. ಈ ಪುಟ ಮಡಚಿತ್ತು." ತಲೆ ಎತ್ತಿದ. "ಅದು ಸರಿಯೋ ತಪ್ಪೋ, ಬರದಾವ್ರು ಹೇಳಬೇಕು. ಅದಕ್ಕೇ ಬಂದೀನಿ."

ಈರಣ್ಣನಿಗೆ ಎಲ್ಲ ತಿಳಿಯಿತು. ಓದಿ ಕೊಂದವನು ಪಾಪ ಇಳಿಸಲು ಬಂದಿದ್ದಾನೆ. ತಪ್ಪು ಎಂದರೆ, ತಪ್ಪು ಕಲಿಸಿದವನ ಕತ್ತು ಹೋಗುತ್ತದೆ. ಸರಿ ಎಂದರೆ, ಸಮಾಧಾನವಾಗಿ ಇಂದಾಪುರದ ಬಸ್ಸು ಹತ್ತುತ್ತಾನೆ. ರುದ್ರನ ಗುಡುಗನ್ನೇ ಎದೆಯಿಂದ ಎಬ್ಬಿಸಿ ಹೇಳಿದ: "ಚಿಂತಿ ಬಿಡು ಬಾಳು. ಮಾಂತು ಹಾವು. ಜಜ್ಜಿದ್ದು ಸರಿ."

"ಖರೇನ?"

"ಬರದಾಂವ ನಾನು. ನಾ ಹೇಳಾಕತ್ತೀನಿ."

"ಬಿದ್ದು ಕೈ ಮುಗದ್ರೂ ಬಿಡಬಾರದು?"

"ಬಿಡಬಾರದು."

ಬಾಳು ಕಣ್ಣೊರೆಸಿಕೊಂಡು ಎದ್ದ. ತನ್ನನ್ನೂ ಎಬ್ಬಿಸಲಿ ಎಂದು ಈರಣ್ಣ ಕೈ ಚಾಚಿದ. ಆ ಕೈಯನ್ನು ನೆಲಕ್ಕೆ ಮೆಟ್ಟಿ ಹಿಡಿದು, ಬಾಳು ಕೊಯ್ತಾ ಎತ್ತಿದ.

"ನಾ ಕಲಿತದ್ದು ಮರಾಠಿ ಸಾಲ್ಯಾಗ್ರಿ, ಕನ್ನಡ ಓದಾಕ ಬರಂಗಿಲ್ಲ," ಅಂದ. "ಮಾಂತು ನನ್ನ ತಮ್ಮ."