ಚುರುಕು ಅಳಿಲು

ಕಂಪನಿಯ ಕಪಾಟಿನಲ್ಲಿ ಮಕ್ಕಳ ಸಿಹಿ ಕಾರ್ನ್‌ಫ್ಲೇಕ್ಸಿನ ಎರಡು ಹಳೆಯ ಡಬ್ಬಿಗಳಿದ್ದವು. ಮೊದಲನೆಯದರ ಮೇಲೆ ‘ಸಕ್ಕರೆ ಅಳಿಲು’, ಎರಡನೆಯದರ ಮೇಲೆ ‘ಜೇನು ಅಳಿಲು’; ಎರಡರಲ್ಲೂ ಅದೇ ಡೊಳ್ಳು ಹೊಟ್ಟೆಯ ಅಳಿಲಿನ ಚಿತ್ರ. ಈಗ ‘ಚುರುಕು ಅಳಿಲು’ ಎಂಬ ಹೊಸ ಡಬ್ಬಿ ಬರಬೇಕಿತ್ತು.

“ಅಳಿಲಿನ ಹೊಟ್ಟೆ ಕರಗಿಸಮ್ಮ,” ಎಂದರು ಮ್ಯಾನೇಜರು. “ತಾಯಂದಿರೆಲ್ಲ ಬೊಜ್ಜು ಬೊಜ್ಜು ಅಂತ ಬಾಯಿ ಬಡ್ಕೋತಿದ್ದಾರೆ.”

ಚಿತ್ರ ಬರೆಯುವ ಹುಡುಗಿ ತಲೆ ತಗ್ಗಿಸಿಯೇ ಕೇಳಿದಳು: “ಒಳಗಿನ ಸಕ್ಕರೆ, ಸರ್?”

“ಅದು ಮೂವತ್ತು ವರ್ಷದಿಂದ ಎಷ್ಟಿದೆಯೋ ಅಷ್ಟೇ ಇರುತ್ತೆ. ನಿನಗ್ಯಾಕೆ ಊರ ಉಸಾಬರಿ? ಕೆಲಸ ಕಾಯಂ ಆಗೋದು ಬೇಡ್ವಾ?”

ಅವಳು ಪೆನ್ಸಿಲ್ ಎತ್ತಿಕೊಂಡು ತನ್ನ ಜಾಗಕ್ಕೆ ಹೋದಳು. ಮಧ್ಯಾಹ್ನದ ಹೊತ್ತಿಗೆ ಸಣಕಲು ಅಳಿಲೊಂದು ಅವರ ಮೇಜಿನ ಮೇಲಿತ್ತು.

“ಭೇಷ್! ಹೊಟ್ಟೆ ಹೋಯ್ತು. ಆದ್ರೆ ಇದ್ಯಾಕೆ ನಿನ್ನ ಹಾಗೆ ಬಾಯಿ ಮುಚ್ಕೊಂಡು ಕೂತಿದೆ?”

“ಮುಚ್ಚಿದ್ರೇನೇ ಒಳ್ಳೇದು, ಸರ್.”

“ಒಳ್ಳೇದು ಕೆಟ್ಟದ್ದು ನಾನು ನೋಡ್ಕೋತೀನಿ. ಬಾಯ್ತುಂಬ ನಗಿಸು. ಇಲ್ಲೇ, ನನ್ನೆದುರಿಗೇ.”

ಅವಳು ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.

“ಮೂವತ್ತು ವರ್ಷ ದಿನಾ ಈ ಸಕ್ಕರೇನೇ ತಿಂದ ಬಾಯಿ, ಸರ್. ನೀವು ಹೇಳಿದ್ದಕ್ಕೆ ತೆಗೀತಿದ್ದೀನಿ.”

ಪೆನ್ಸಿಲ್ ಹಿಡಿದು ಅಳಿಲಿಗೆ ಕಿವಿಯಿಂದ ಕಿವಿಯವರೆಗೆ ನಗು ಬರೆದಳು; ಆ ನಗುವಿನಲ್ಲಿ ಒಂದೇ ಒಂದು ಹಲ್ಲೂ ಇರಲಿಲ್ಲ.